ಇಡುಗಂಟು ಮತ್ತು ಮೂರು ಪ್ರಶ್ನೆಗಳು

ಮೂವತ್ತೈದು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಉಪಾಧ್ಯಾಯಿನಿ, ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಪಾಳಿ ದುಡಿದ ದಾದಿ, ಕಾರ್ಖಾನೆಯ ಗುಮಾಸ್ತ, ಗಲ್ಫ್ ದೇಶದಿಂದ ಮರಳಿದ ಬಡಗಿ – ಇಂಥವರಿಲ್ಲದ ಧರ್ಮಕೇಂದ್ರ ನಮ್ಮಲ್ಲಿ ಯಾವುದಿದೆ? ದುಡಿಮೆಯ ಕೊನೆಯ ದಿನ ಇವರ ಕೈಗೆ ಒಂದು ಇಡುಗಂಟು ಬರುತ್ತದೆ. ಅದು ಬಾಳಿನಲ್ಲಿ ಒಮ್ಮೆ ಮಾತ್ರ ಬರುವ ಹಣ. ಕಳೆದುಕೊಂಡರೆ ಮತ್ತೆ ದುಡಿದು ಕೂಡಿಸುವಷ್ಟು ವಯಸ್ಸೂ ಇಲ್ಲ, ಬಲವೂ ಇಲ್ಲ. ಆ ಹಣ ಹತ್ತು ಪಟ್ಟಾಗಬೇಕೆಂಬ ಆಸೆ ಅವರಿಗಿರುವುದಿಲ್ಲ. ತಿಂಗಳು ತಿಂಗಳಿಗೆ ಅಕ್ಕಿ, ಔಷಧಿ, ವಿದ್ಯುತ್ತಿನ ಬಿಲ್ಲು ಇವುಗಳಿಗೆ ಸಾಕಾಗುವಷ್ಟು ಬಂದರೆ ಸಾಕು, ಅಸಲು ಕೈಬಿಟ್ಟು ಹೋಗದಿದ್ದರೆ ಸಾಕು, ಇಷ್ಟೇ ಅವರ ಬೇಡಿಕೆ.

ಆದರೆ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಈ ಮಾತು ಬಂದಾಗ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ ಒಂದೇ: "ಎಲ್ಲಿ ಬಡ್ಡಿ ಹೆಚ್ಚು?" ಪ್ರಶ್ನೆ ಸಹಜವಾದುದೇ. ಆದರೆ ಸ್ಥಿರ ಬಡ್ಡಿಯನ್ನು ನಂಬಿ ಬದುಕಿದವರ ಚರಿತ್ರೆಯನ್ನು ಓದಿದಾಗ, ಅದಕ್ಕಿಂತ ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳಿವೆ ಎಂಬುದು ಸ್ಪಷ್ಟವಾಗುತ್ತದೆ. ಮಾತು ಕೊಡುತ್ತಿರುವವರು ಯಾರು? ಆ ಮಾತು ಎಲ್ಲಿಯವರೆಗೆ? ಕೊನೆಗೆ ಕೈಗೆ ಬರುವ ಹಣಕ್ಕೆ ಏನು ಸಿಗುತ್ತದೆ? ಈ ಮೂರನ್ನು ಕೇಳದೆ ಕೆಟ್ಟವರೂ ಉಂಟು. ಕೇಳಿ ಉಳಿದವರೂ ಉಂಟು. ಆ ಚರಿತ್ರೆಯ ಕೆಲವು ಪುಟಗಳನ್ನು ನಿಮ್ಮೊಂದಿಗೆ ತಿರುವಿ ನೋಡುವುದು ಈ ಲೇಖನದ ಉದ್ದೇಶ.

ಹೊಲದಿಂದ ಬಂದ ವಾರ್ಷಿಕ ಹಣ

ಮಧ್ಯಯುಗದ ಯೂರೋಪಿನಲ್ಲಿ ಧರ್ಮಸಭೆ ಬಡ್ಡಿಯನ್ನು ಕಠಿಣವಾಗಿ ನಿಷೇಧಿಸಿತ್ತೆಂಬುದು ನಿಮಗೆ ತಿಳಿದ ವಿಷಯ. ಅಂದು ಸಾಲ ಕೇಳುತ್ತಿದ್ದವನು ಹೆಚ್ಚಾಗಿ ಹಸಿದವನು, ಬೆಳೆ ಕೈಕೊಟ್ಟವನು. ಅವನ ಸಂಕಟವನ್ನೇ ಆದಾಯದ ಮೂಲವನ್ನಾಗಿ ಮಾಡಿಕೊಳ್ಳುವುದು ಪಾಪವೆಂದು ಬೋಧಿಸಿದ್ದು ನ್ಯಾಯವಾಗಿಯೇ ಇತ್ತು. ಆದರೆ ಗಂಡನನ್ನು ಕಳೆದುಕೊಂಡ ಹೆಣ್ಣು, ತಂದೆತಾಯಿಯಿಲ್ಲದ ಮಗು, ಕನ್ಯಾಮಠ, ಬಡವರ ಆಸ್ಪತ್ರೆ – ಇವರ ಬಳಿ ಸ್ವಲ್ಪ ಹಣವಿದ್ದು ದುಡಿಯುವ ಶಕ್ತಿ ಇಲ್ಲದಿದ್ದರೆ ಅವರು ಬದುಕುವುದು ಹೇಗೆ? ಈ ಪ್ರಶ್ನೆಯೂ ಅಷ್ಟೇ ನ್ಯಾಯವಾದುದು.

ಇದಕ್ಕೆ ಆ ಕಾಲ ಕಂಡುಕೊಂಡ ಉತ್ತರಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ಸೆನ್ಸಸ್' ಎಂಬ ಹೆಸರಿತ್ತು. ಹಣವುಳ್ಳವನು ಸಾಲ ಕೊಡುತ್ತಿರಲಿಲ್ಲ. ಫಲ ಕೊಡುವ ಒಂದು ಹೊಲದಿಂದಲೋ ಮನೆಯಿಂದಲೋ ವರ್ಷವರ್ಷ ಬರುವ ನಿಗದಿತ ಮೊತ್ತವನ್ನು ಬೆಲೆಕೊಟ್ಟು ಕೊಂಡುಕೊಳ್ಳುತ್ತಿದ್ದನು. ಹೊಲದ ಒಡೆಯನು ಬಯಸಿದಾಗ ಮೂಲಬೆಲೆಯನ್ನು ಮರಳಿಸಿ ಋಣಮುಕ್ತನಾಗಬಹುದಿತ್ತು. ಆದರೆ ಕೊಂಡವನು ಅಸಲನ್ನು ಹಿಂದಕ್ಕೆ ಕೊಡೆಂದು ಒತ್ತಾಯಿಸುವಂತಿರಲಿಲ್ಲ. ಪೋಪ್ 5ನೇ ಮಾರ್ಟಿನರು 1425ರಲ್ಲಿ, ಪೋಪ್ 3ನೇ ಕಲಿಸ್ಟಸರು 1455ರಲ್ಲಿ ಇಂಥ ಒಪ್ಪಂದಗಳು ನ್ಯಾಯಸಮ್ಮತವೆಂದು ಒಪ್ಪಿದರು. ಮುಂದೆ 1745ರಲ್ಲಿ ಪೋಪ್ 14ನೇ ಬೆನೆಡಿಕ್ಟರು ಇಟಲಿಯ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ, ಸಾಲ ಕೊಟ್ಟ ಮಾತ್ರಕ್ಕೆ ಹೆಚ್ಚು ಕೇಳುವುದನ್ನು ಖಂಡಿಸಿದರಾದರೂ, ಬೇರೆ ನ್ಯಾಯವಾದ ಕಾರಣಗಳಿಂದಲೂ ಒಪ್ಪಂದಗಳಿಂದಲೂ ಆದಾಯ ಪಡೆಯಬಹುದೆಂಬುದನ್ನು ಅಲ್ಲಗಳೆಯಲಿಲ್ಲ.

ಈ ಹಳೆಯ ಏರ್ಪಾಟಿನ ಒಂದು ಗುಣವನ್ನು ಗಮನಿಸಿ. ವರ್ಷದ ಹಣ ಎಲ್ಲಿಂದ ಬರುತ್ತದೆಂಬುದನ್ನು ಕೊಂಡವನು ಕಣ್ಣಾರೆ ಕಾಣಬಹುದಿತ್ತು. ಅದೋ ಆ ಹೊಲ, ಅದೋ ಆ ದ್ರಾಕ್ಷಿತೋಟ. ಕಾಲ ಕಳೆದಂತೆ ಹೊಲದ ಜಾಗದಲ್ಲಿ ಕಾಗದ ಬಂತು. ಮಾತು ಕೊಟ್ಟವನ ಮುಖ ಮರೆಯಾಯಿತು.

ಕೊನೆಯಿಲ್ಲದ ಸಾಲಪತ್ರ

ಕಾಗದದ ಯುಗದಲ್ಲಿ ಎಲ್ಲಕ್ಕಿಂತ ಭದ್ರವೆಂದು ಹೆಸರಾದುದು ಇಂಗ್ಲೆಂಡಿನ 'ಕನ್ಸೋಲ್'. ಯುದ್ಧಗಳಿಗಾಗಿ ಬೇರೆ ಬೇರೆ ಕಾಲದಲ್ಲಿ ಎತ್ತಿದ ಸಾಲಗಳನ್ನು 1751ರಲ್ಲಿ ಪ್ರಧಾನಿ ಹೆನ್ರಿ ಪೆಲ್ಹಮ್ ಒಟ್ಟುಗೂಡಿಸಿದರು. ಹೀಗೆ ಹುಟ್ಟಿದ ಪತ್ರಕ್ಕೆ ಶೇಕಡಾ 3ರ ಬಡ್ಡಿ. ಅದಕ್ಕೆ ಮುಕ್ತಾಯದ ದಿನವಿರಲಿಲ್ಲ. ಸರ್ಕಾರ ಬಯಸಿದಾಗ ಅಸಲು ತೀರಿಸಬಹುದು. ಪತ್ರ ಹಿಡಿದವನು ಕೇಳುವಂತಿಲ್ಲ. ಹಣ ಬೇಕಾದರೆ ಪೇಟೆಯಲ್ಲಿ ಮತ್ತೊಬ್ಬನಿಗೆ ಮಾರಬೇಕು. ನಾವು ಈಗ ತಾನೇ ನೋಡಿದ ಸೆನ್ಸಸ್ ಒಪ್ಪಂದದ ರೂಪವೇ ಇದು, ಅಲ್ಲವೆ? ಹೊಲದ ಬದಲು ಇಡೀ ದೇಶದ ತೆರಿಗೆ, ಒಡೆಯನ ಬದಲು ಪಾರ್ಲಿಮೆಂಟು.

ಪಾದ್ರಿಯ ವಿಧವೆ, ನೌಕಾಪಡೆಯಿಂದ ನಿವೃತ್ತನಾದ ಅಧಿಕಾರಿ, ಮದುವೆಯಾಗದ ಅಕ್ಕತಂಗಿಯರು ಇಂಥವರೆಲ್ಲ ಇದನ್ನೇ ನಂಬಿದರು. ಆ ಕಾಲದ ಇಂಗ್ಲಿಷ್ ಕಾದಂಬರಿಗಳಲ್ಲಿ ಒಬ್ಬರ ಸ್ಥಿತಿವಂತಿಕೆಯನ್ನು ಅಳೆಯುವುದು ಆಸ್ತಿಯಿಂದಲ್ಲ, ವರ್ಷಕ್ಕೆ ಇಷ್ಟು ಪೌಂಡ್ ಆದಾಯವೆಂಬ ಲೆಕ್ಕದಿಂದ. ನೆಪೋಲಿಯನ್ನನ ಯುದ್ಧಗಳು ನಡೆದಾಗಲೂ ಪಾರ್ಲಿಮೆಂಟು ಬಡ್ಡಿಯನ್ನು ತಪ್ಪಿಸಲಿಲ್ಲ. 'ಯಾರು?' ಎಂಬ ನಮ್ಮ ಮೊದಲ ಪ್ರಶ್ನೆಗೆ ಇಷ್ಟು ಒಳ್ಳೆಯ ಉತ್ತರ ಲೋಕದಲ್ಲಿ ಮತ್ತೊಂದು ಇರಲಿಲ್ಲವೆನ್ನಬೇಕು.

ಆದರೂ ಎರಡನೆಯ ಪ್ರಶ್ನೆ, 'ಎಲ್ಲಿಯವರೆಗೆ?' ಎಂಬುದು, ಅವರನ್ನು ಬಿಡಲಿಲ್ಲ. 1888ರಲ್ಲಿ ಅರ್ಥಮಂತ್ರಿ ಗೋಶನ್ ಬಡ್ಡಿಯನ್ನು ಶೇಕಡಾ 3ರಿಂದ 2.75ಕ್ಕೆ ಇಳಿಸಿದರು, 1903ರಿಂದ ಅದು 2.5 ಆಗಬೇಕೆಂದೂ ಆಗಲೇ ನಿರ್ಧಾರವಾಯಿತು. ಒಪ್ಪದವರು ಅಸಲನ್ನು ಪಡೆದು ಹೋಗಬಹುದಿತ್ತು. ಆದರೆ ಎಲ್ಲೆಡೆ ಬಡ್ಡಿ ಇಳಿದಿರುವಾಗ ಆ ಅಸಲನ್ನು ಒಯ್ದು ಎಲ್ಲಿ ಇಡುವುದು? ಹೀಗೆ ವರ್ಷಕ್ಕೆ 120 ಪೌಂಡ್ ಬರುತ್ತಿದ್ದ ಮನೆಗೆ ಹದಿನೈದು ವರ್ಷಗಳೊಳಗೆ 100 ಪೌಂಡ್ ಬರುವಂತಾಯಿತು. ಮೋಸವೇನೂ ನಡೆದಿರಲಿಲ್ಲ. ಅಸಲು ತೀರಿಸುವ ಹಕ್ಕು ಸರ್ಕಾರದ್ದೆಂದು ಮೊದಲೇ ಬರೆದಿತ್ತು. ಓದಿದವರು ಕಡಿಮೆ, ಅಷ್ಟೆ.

ಮೊದಲ ಮಹಾಯುದ್ಧದಲ್ಲಿಯೂ ಇದೇ ಮರುಕಳಿಸಿತು. 1917ರಲ್ಲಿ ದೇಶಭಕ್ತಿಯ ಹೆಸರಿನಲ್ಲಿ ಶೇಕಡಾ 5ರ ಯುದ್ಧಸಾಲಕ್ಕೆ ಜನ ಹಣ ಕೊಟ್ಟರು. 1932ರಲ್ಲಿ, ಅದೇ ದೇಶಭಕ್ತಿಯ ಹೆಸರಿನಲ್ಲಿ, ಅರ್ಥಮಂತ್ರಿ ನೆವಿಲ್ ಚೇಂಬರ್ಲೇನ್ ಅದನ್ನು ಶೇಕಡಾ 3.5ಕ್ಕೆ ಇಳಿಸಿದರು. ನಮ್ಮ ದೇಶದಲ್ಲಿಯೂ 'ಕಂಪನಿ ಕಾಗದ'ವೆಂದು ಹೆಸರಾಗಿದ್ದ ಸರ್ಕಾರಿ ಸಾಲಪತ್ರಗಳ ಬಡ್ಡಿಯನ್ನು 1894ರಲ್ಲಿ ಶೇಕಡಾ 4ರಿಂದ 3.5ಕ್ಕೆ ಇಳಿಸಲಾಗಿತ್ತು.

ಅಂಕೆ ಉಳಿಯಿತು, ರೊಟ್ಟಿ ಉಳಿಯಲಿಲ್ಲ

ಇನ್ನು ಮೂರನೆಯ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ದೀರ್ಘಕಾಲದ ಲೆಕ್ಕದಲ್ಲಿ ಬೆಲೆಗಳು ಹೆಚ್ಚು ಏರಿರಲಿಲ್ಲ. ಆದ್ದರಿಂದ ಅಜ್ಜಿಗೆ ಸಾಕಾದ ವಾರ್ಷಿಕ ಹಣ ಮೊಮ್ಮಗಳಿಗೂ ಸಾಕಾಗುತ್ತದೆಂಬ ನಂಬಿಕೆ ಬೇರೂರಿತು. ಇಪ್ಪತ್ತನೆಯ ಶತಮಾನ ಆ ನಂಬಿಕೆಯನ್ನು ಬುಡಮೇಲು ಮಾಡಿತು. ಎರಡು ಮಹಾಯುದ್ಧಗಳು, ಅನಂತರ 1973ರ ತೈಲ ಬಿಕ್ಕಟ್ಟು. 1975ರಲ್ಲಿ ಬ್ರಿಟನ್ನಿನ ಹಣದುಬ್ಬರ ಶೇಕಡಾ 24ನ್ನು ಮುಟ್ಟಿತು. 1890ರ ದಶಕದ ಕೊನೆಯಲ್ಲಿ 100 ಪೌಂಡ್ ಮುಖಬೆಲೆಯ ಕನ್ಸೋಲ್ ಪತ್ರ ಪೇಟೆಯಲ್ಲಿ 110 ಪೌಂಡಿಗಿಂತ ಹೆಚ್ಚಿಗೆ ಮಾರಾಟವಾಗುತ್ತಿತ್ತು. ಅದೇ ಪತ್ರ 1974ರ ಕೊನೆಯಲ್ಲಿ 20 ಪೌಂಡಿಗಿಂತಲೂ ಕೆಳಕ್ಕಿಳಿಯಿತು. ಸರ್ಕಾರ ಒಂದು ಕಂತನ್ನೂ ತಪ್ಪಿಸಿರಲಿಲ್ಲ. ಕೊಟ್ಟ ಮಾತಿನ ಅಂಕೆ ಹಾಗೆಯೇ ಇತ್ತು. ಆ ಅಂಕೆಗೆ ಸಿಗುತ್ತಿದ್ದ ರೊಟ್ಟಿ ಮಾತ್ರ ಚೂರಾಗಿತ್ತು. ಕೊನೆಗೆ 2015ರಲ್ಲಿ ಬ್ರಿಟಿಷ್ ಸರ್ಕಾರ ಉಳಿದಿದ್ದ ಎಲ್ಲ ಕನ್ಸೋಲ್‌ಗಳನ್ನೂ ಮುಖಬೆಲೆ ಕೊಟ್ಟು ತೀರಿಸಿ, ಆ ದೀರ್ಘ ಅಧ್ಯಾಯವನ್ನು ಮುಗಿಸಿತು.

ಇದು ದೂರದೇಶದ ಕಥೆಯೆನ್ನುವಿರೋ? ನಮ್ಮ ದೇಶದಲ್ಲಿ 1974-75ರ ಸಾಲಿನಲ್ಲಿ ಸಗಟು ಬೆಲೆಗಳು ಶೇಕಡಾ 25ರಷ್ಟು ಏರಿದವು. ಅಂದು ಬ್ಯಾಂಕಿನ ನಿಶ್ಚಿತ ಠೇವಣಿಯ ಬಡ್ಡಿ ಅದರ ಅರ್ಧವನ್ನೂ ಮುಟ್ಟಿರಲಿಲ್ಲ. ನಮ್ಮ ದೇವಾಲಯಗಳ ಹಳೆಯ ದಾಖಲೆ ಪುಸ್ತಕಗಳಲ್ಲಿಯೂ ಇದಕ್ಕೆ ಸಾಕ್ಷಿ ಉಂಟು. ತಮ್ಮ ಆತ್ಮಕ್ಕಾಗಿ, ಅಗಲಿದವರಿಗಾಗಿ ಪ್ರತಿವರ್ಷ ಬಲಿಪೂಜೆ ಅರ್ಪಿಸಬೇಕೆಂದು ಹಿರಿಯರು ಒಂದು ಮೊತ್ತವನ್ನು ಶಾಶ್ವತ ನಿಧಿಯಾಗಿ ಇಟ್ಟುಹೋಗುತ್ತಿದ್ದರು. ಆ ಕಾಲಕ್ಕೆ ಅದು ದೊಡ್ಡ ಹಣ. ಅದರ ಬಡ್ಡಿಯಲ್ಲಿ ಪೂಜೆಯ ಕಾಣಿಕೆ ಸಲ್ಲುತ್ತಿತ್ತು. ಇಂದು ಅದೇ ಬಡ್ಡಿಯಲ್ಲಿ ಮೇಣದ ಬತ್ತಿಯನ್ನೂ ಕೊಳ್ಳಲಾಗದು. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆ ಈ ವಾಸ್ತವವನ್ನು ಒಪ್ಪಿಕೊಂಡಿದೆ. ಆದಾಯ ಕುಗ್ಗಿದಾಗ ಇಂಥ ಪೂಜೆಗಳ ಸಂಖ್ಯೆಯನ್ನು ಇಳಿಸಲು ನಿರ್ದಿಷ್ಟ ನಿಯಮಗಳಿಗೆ ಒಳಪಟ್ಟು ಧರ್ಮಾಧ್ಯಕ್ಷರಿಗೆ ಅದು ಅಧಿಕಾರ ಕೊಡುತ್ತದೆ. ಇಂಥ ನಿಧಿಗಳ ಹೊಣೆ ಎಷ್ಟು ವರ್ಷದವರೆಗೆ ಎಂಬುದನ್ನು ಸ್ಥಳೀಯ ನಿಯಮವೇ ಗೊತ್ತುಪಡಿಸಲು ಬಿಡುತ್ತದೆ. ಶಾಶ್ವತವೆಂದು ಬರೆದುಕೊಟ್ಟ ಮಾತ್ರಕ್ಕೆ ರೂಪಾಯಿ ಶಾಶ್ವತವಾಗುವುದಿಲ್ಲವೆಂಬುದನ್ನು ಅನುಭವದಿಂದ ಕಲಿತ ಪಾಠವಿದು.

ಒಂದು ಸುಲಭ ಲೆಕ್ಕವನ್ನು ನೆನಪಿನಲ್ಲಿಡಿ. 72ನ್ನು ಹಣದುಬ್ಬರದ ದರದಿಂದ ಭಾಗಿಸಿದರೆ, ರೂಪಾಯಿಯ ಕೊಳ್ಳುವ ಶಕ್ತಿ ಸುಮಾರು ಎಷ್ಟು ವರ್ಷದಲ್ಲಿ ಅರ್ಧವಾಗುತ್ತದೆಂಬುದು ತಿಳಿಯುತ್ತದೆ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 12 ವರ್ಷ. ಅರವತ್ತರಲ್ಲಿ ತಿಂಗಳಿಗೆ 10,000 ರೂಪಾಯಿ ಬಡ್ಡಿ ಪಡೆಯಲು ತೊಡಗಿದ ತಾಯಿಗೆ, ಎಪ್ಪತ್ತೆರಡರಲ್ಲಿಯೂ ಅದೇ 10,000 ಬಂದರೂ ಅದರಿಂದ ಸಿಗುವುದು ಇಂದಿನ 5,000ದ ಸಾಮಾನು, ಎಂಬತ್ತನಾಲ್ಕರಲ್ಲಿ 2,500ರದು. ಔಷಧಿಯ ಖರ್ಚು ಏರುವ ವಯಸ್ಸೂ ಅದೇ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ನಮ್ಮ ಹಿರಿಯರು ಹೇಳಿದ್ದು ಸೋಮಾರಿಗಳನ್ನು ಕುರಿತು. ಆದರೆ ದುಡಿದು ದಣಿದು ಕೂತವರಿಗೂ ಆ ಮಾತು ಅನ್ವಯಿಸುತ್ತದೆಂಬುದು ದುಃಖದ ಸಂಗತಿ.

ಮದ್ರಾಸಿನ ಬೀಗ, ಪಾಲಾದ ಬೀಗ

ಇಂಗ್ಲೆಂಡಿನ ವಿಧವೆ ಎರಡನೆಯ, ಮೂರನೆಯ ಪ್ರಶ್ನೆಗಳಲ್ಲಿ ಸೋತಳು. ನಮ್ಮ ದಕ್ಷಿಣ ದೇಶದ ಠೇವಣಿದಾರರು ಅನೇಕ ಸಲ ಮೊದಲನೆಯ ಪ್ರಶ್ನೆಯಲ್ಲಿಯೇ ಸೋತಿದ್ದಾರೆ. ಅವರು ಹಣ ಇಟ್ಟಿದ್ದು ಪಾರ್ಲಿಮೆಂಟಿನಲ್ಲಿ ಅಲ್ಲ, ದೊಡ್ಡ ಹೆಸರಿನಲ್ಲಿ.

ಮದ್ರಾಸಿನ ಅರ್ಬತ್‌ನಾಟ್ ಕಂಪನಿ ಅಂಥ ಒಂದು ಹೆಸರು. ನೂರು ವರ್ಷಗಳ ಹಿನ್ನೆಲೆಯಿದ್ದ ಆ ಬಿಳಿಯರ ವ್ಯಾಪಾರಸಂಸ್ಥೆಯಲ್ಲಿ ನಿವೃತ್ತ ಅಧಿಕಾರಿಗಳು, ವಕೀಲರು, ಸಣ್ಣ ಉಳಿತಾಯಗಾರರು ಬಡ್ಡಿಗಾಗಿ ಹಣ ಇಟ್ಟಿದ್ದರು. 1906ರ ಅಕ್ಟೋಬರ್ 22ರಂದು ಅದು ಬಾಗಿಲು ಮುಚ್ಚಿತು. ಠೇವಣಿದಾರರ ಹಣ ಪರದೇಶಗಳ ಸಟ್ಟಾ ವ್ಯವಹಾರಗಳಲ್ಲಿ ಕರಗಿಹೋಗಿತ್ತು. ಲಂಡನ್ನಿನಲ್ಲಿದ್ದ ಪಾಲುದಾರ ಮ್ಯಾಕ್‌ಫಾಡಿಯನ್ ಆತ್ಮಹತ್ಯೆ ಮಾಡಿಕೊಂಡನು. ಸರ್ ಜಾರ್ಜ್ ಅರ್ಬತ್‌ನಾಟ್‌ಗೆ ನ್ಯಾಯಾಲಯ 18 ತಿಂಗಳ ಕಠಿಣ ಸೆರೆವಾಸ ವಿಧಿಸಿತು. 'ಸರ್' ಎಂಬ ಬಿರುದನ್ನೇ ಭದ್ರತೆಯೆಂದು ನಂಬಿದವರಿಗೆ ಅದರಿಂದ ಕಳೆದ ಹಣ ಬರಲಿಲ್ಲ.

ಈ ಕಹಿಯಿಂದ ಒಂದು ಒಳ್ಳೆಯದೂ ಹುಟ್ಟಿತು. ಮದ್ರಾಸಿನ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮತ್ತು ಅವರ ಸಂಗಡಿಗರು 1907ರಲ್ಲಿ ಇಂಡಿಯನ್ ಬ್ಯಾಂಕನ್ನು ಆರಂಭಿಸಿದರು. ಅಂದು ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದ ನಮ್ಮ ಕರಾವಳಿಯಲ್ಲಿ, ಈ ಪತನಕ್ಕೆ ಕೆಲವೇ ತಿಂಗಳ ಮೊದಲು, ಎರಡು ಸಂಸ್ಥೆಗಳು ಕಣ್ಣು ತೆರೆದಿದ್ದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಆರಂಭಿಸಿದ ನಿಧಿ ಇಂದಿನ ಕೆನರಾ ಬ್ಯಾಂಕ್. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮದೇ ಸಹಕಾರಿ ಬ್ಯಾಂಕನ್ನು ಕಟ್ಟಿಕೊಂಡರು. ಮಾತು ಕೊಡುವವನ ಮುಖ ಮತ್ತೆ ಕಾಣುವಂತಾಗಲಿ ಎಂಬ ಹಂಬಲ ಇವೆಲ್ಲದರ ಹಿಂದೆ ಇದ್ದಂತೆ ತೋರುತ್ತದೆ.

ಆದರೆ ಪರಿಚಿತ ಮುಖವೂ ಪೂರ್ಣ ಭದ್ರತೆಯಲ್ಲ. 1913ರಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕ್, ಬೊಂಬಾಯಿಯ ಇಂಡಿಯನ್ ಸ್ಪೀಸಿ ಬ್ಯಾಂಕ್. 1938ರಲ್ಲಿ ತಿರುವಾಂಕೂರು ನ್ಯಾಷನಲ್ ಆ್ಯಂಡ್ ಕ್ವಿಲಾನ್ ಬ್ಯಾಂಕ್ ಮುಚ್ಚಿದವು. ಎಲ್ಲಕ್ಕಿಂತ ನಮ್ಮ ಮನಸ್ಸಿಗೆ ಹತ್ತಿರವಾದ ಘಟನೆ 1960ರದು. ಕೇರಳದಲ್ಲಿ ಸಿರಿಯನ್ ಕ್ರೈಸ್ತ ಕುಟುಂಬಗಳು ನೆಲೆಸಿದ ಪಾಲಾ ಎಂಬ ಊರಿನಲ್ಲಿ 1927ರಲ್ಲಿ ಹುಟ್ಟಿದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಆ ರಾಜ್ಯದ ಅತಿದೊಡ್ಡ ಬ್ಯಾಂಕಾಗಿ ಬೆಳೆದಿತ್ತು. ಮಗಳ ಮದುವೆಯ ಹಣ, ರಬ್ಬರ್ ತೋಟದ ಹಣ, ಮುಪ್ಪಿನ ಹಣ ಎಲ್ಲವೂ ಅಲ್ಲಿತ್ತು. ತೀರದ ಸಾಲಗಳ ಭಾರದಿಂದ ಅದು ಒಳಗೊಳಗೇ ಕುಸಿದಿತ್ತು. 1960ರ ಆಗಸ್ಟ್ 8ರಂದು ರಿಸರ್ವ್ ಬ್ಯಾಂಕಿನ ಕೋರಿಕೆಯ ಮೇರೆಗೆ ಕೇರಳ ಹೈಕೋರ್ಟ್ ಅದರ ವ್ಯವಹಾರವನ್ನು ನಿಲ್ಲಿಸಿತು. ಹಿಂದಿನ ಭಾನುವಾರ ಒಂದೇ ಬೆಂಚಿನಲ್ಲಿ ಕುಳಿತಿದ್ದ ಠೇವಣಿದಾರನೂ ಸಾಲಗಾರನೂ ಮರುವಾರ ಪರಸ್ಪರ ಮುಖ ನೋಡುವುದು ಎಷ್ಟು ಕಷ್ಟವಾಗಿದ್ದೀತೆಂದು ನೀವೇ ಊಹಿಸಿ.

ಕಣ್ಣೀರಿನಿಂದ ಹುಟ್ಟಿದ ಕಾನೂನು

ಆ ಕಣ್ಣೀರು ವ್ಯರ್ಥವಾಗಲಿಲ್ಲ. ದುರ್ಬಲ ಬ್ಯಾಂಕುಗಳನ್ನು ಬಲವಾದವುಗಳೊಂದಿಗೆ ಕಡ್ಡಾಯವಾಗಿ ವಿಲೀನಗೊಳಿಸುವ ಅಧಿಕಾರ ಅದೇ ವರ್ಷ ಕಾನೂನಿನಲ್ಲಿ ಸೇರಿತು. 1961ರಲ್ಲಿ ಠೇವಣಿ ವಿಮೆಯ ಕಾಯಿದೆ ಬಂತು. 1962ರ ಜನವರಿ 1ರಿಂದ ಪ್ರತಿ ಠೇವಣಿದಾರನಿಗೆ 1,500 ರೂಪಾಯಿವರೆಗೆ ವಿಮೆ ದೊರೆಯಿತು. ಆ ಮಿತಿ ಮೆಲ್ಲಮೆಲ್ಲನೆ ಏರುತ್ತ 1993ರಲ್ಲಿ 1 ಲಕ್ಷವಾಯಿತು, ಮುಂದೆ ಇಪ್ಪತ್ತಾರು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿಯೇ ನಿಂತಿತು. 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ, 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಬೆಂಗಳೂರಿನ ಠೇವಣಿದಾರರಿಗೆ ಮೊದಲು ಸಿಕ್ಕ ಅನುಮತಿ 35,000 ರೂಪಾಯಿ ಹಿಂಪಡೆಯುವುದಕ್ಕೆ ಮಾತ್ರ. 2020ರ ಫೆಬ್ರವರಿ 4ರಿಂದ ವಿಮೆಯ ಮಿತಿ 5 ಲಕ್ಷಕ್ಕೇರಿತು. 2021ರ ತಿದ್ದುಪಡಿ, ಹೀಗೆ ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೂ ವಿಮೆಯ ಹಣ 90 ದಿನಗಳೊಳಗೆ ದೊರೆಯಬೇಕೆಂದು ವಿಧಿಸಿತು.

ಈ ವಿಮೆಯನ್ನು ಸರಿಯಾಗಿ ಅರ್ಥಮಾಡಿಕೊಳ್ಳುವುದು ಅಗತ್ಯ. 5 ಲಕ್ಷವೆಂಬುದು ಒಂದು ಖಾತೆಗಲ್ಲ. ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ಒಬ್ಬರ ಹೆಸರಿನಲ್ಲಿರುವ ಅಸಲು ಮತ್ತು ಬಡ್ಡಿ ಸೇರಿ. ಇದು ವಾಣಿಜ್ಯ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಅನ್ವಯ. ಆದರೆ ಊರೂರಿನ ಪತ್ತಿನ ಸಹಕಾರ ಸಂಘಗಳ ಠೇವಣಿಗೆ, ಕಂಪನಿಗಳ ಠೇವಣಿಗೆ ಈ ವಿಮೆ ಇಲ್ಲ. ಹಲಗೆಯ ಮೇಲೆ 'ಸಹಕಾರಿ' ಎಂದಿದ್ದ ಮಾತ್ರಕ್ಕೆ ಎಲ್ಲವೂ ಬ್ಯಾಂಕಲ್ಲ. ಅಂಥ ಸಂಘಗಳಲ್ಲಿ ಪ್ರಾಮಾಣಿಕರು ಅನೇಕರಿದ್ದಾರೆ, ಅವುಗಳಿಂದ ಬಡವರಿಗೆ ಉಪಕಾರವೂ ಆಗಿದೆ. ಆದರೆ ಪ್ರಾಮಾಣಿಕತೆ ಬೇರೆ, ವಿಮೆ ಬೇರೆ. 1990ರ ದಶಕದಲ್ಲಿ ಖಾಸಗಿ ಹಣಕಾಸು ಕಂಪನಿಗಳು ಬ್ಯಾಂಕುಗಳಿಗಿಂತ ಬಹಳ ಹೆಚ್ಚಿನ ಬಡ್ಡಿಯ ಆಸೆ ತೋರಿಸಿ ಠೇವಣಿ ಸಂಗ್ರಹಿಸಿದವು. 1997ರಲ್ಲಿ ಸಿ.ಆರ್.ಬಿ. ಕ್ಯಾಪಿಟಲ್ ಮಾರ್ಕೆಟ್ಸ್ ಕುಸಿದಾಗ ಸಹಸ್ರಾರು ಕುಟುಂಬಗಳು ನೊಂದವು. ಬಡ್ಡಿಯ ಆಸೆಗೆ ಅಸಲು ಹೋಯಿತು. ನೆರೆಯವರಿಗಿಂತ ಹೆಚ್ಚಿಗೆ ಕೊಡುವ ಪ್ರತಿ ಶೇಕಡಾವಾರು ಬಡ್ಡಿಯೂ ಒಂದು ಅಪಾಯದ ಬೆಲೆ. ಆ ಅಪಾಯವನ್ನು ಹೊರುವವರು ಮಾತ್ರ ನೀವು.

ಅಂಚೆಯ ಮನೆಯಿಂದ

'ಯಾರು?' ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಅತ್ಯಂತ ಸರಳ ಉತ್ತರ ಕೊಟ್ಟದ್ದು ಅಂಚೆ ಕಚೇರಿ. 1882ರಲ್ಲಿ ಆರಂಭವಾದ ಅಂಚೆ ಉಳಿತಾಯ ಬ್ಯಾಂಕಿನ ಹಣಕ್ಕೆ ಸರ್ಕಾರವೇ ಹೊಣೆ. ಹಳ್ಳಿಯ ಅಂಚೆಯಣ್ಣನ ಚೀಲದಲ್ಲಿ ಪತ್ರಗಳ ಜೊತೆ ಪಾಸ್‌ಪುಸ್ತಕವೂ ಬರುವಂತಾಯಿತು. ನಿವೃತ್ತರ ನೆಚ್ಚಿನ ಮಾಸಿಕ ಆದಾಯ ಯೋಜನೆ ಬಂದದ್ದು 1987ರಲ್ಲಿ.

ಆದರೆ ಭದ್ರವಾದ ಈ ಮನೆಯಲ್ಲಿಯೂ ಎರಡನೆಯ ಪ್ರಶ್ನೆ ಕಾದಿತ್ತು. ಮಾಸಿಕ ಆದಾಯ ಯೋಜನೆಯ ಬಡ್ಡಿ 2000ದ ಜನವರಿಯಲ್ಲಿ ಶೇಕಡಾ 11 ಆಯಿತು. 2001ರ ಮಾರ್ಚಿನಲ್ಲಿ 9.5, 2002ರಲ್ಲಿ 9, 2003ರಲ್ಲಿ 8. ಒಂದು ಲಕ್ಷಕ್ಕೆ ತಿಂಗಳಿಗೆ 917 ರೂಪಾಯಿ ಇದ್ದದ್ದು ಮೂರೇ ವರ್ಷಗಳಲ್ಲಿ 667ಕ್ಕೆ ಇಳಿಯಿತು. 2020ರ ಏಪ್ರಿಲಿನಲ್ಲಿ ಅದು ಶೇಕಡಾ 6.6ಕ್ಕೆ, ಅಂದರೆ 550 ರೂಪಾಯಿಗೆ, ಬಂತು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. 2000ದಲ್ಲಿಯೇ ಹಣ ಇಟ್ಟವರಿಗೆ ಅಂದಿನ ಆರು ವರ್ಷದ ಅವಧಿ ಮುಗಿಯುವವರೆಗೂ 11ರ ದರವೇ ಸಂದಿತು. ಪೆಟ್ಟು ಬಿದ್ದದ್ದು ನವೀಕರಣದ ದಿನ. ಅವಧಿಯೆಂಬುದು ಗೋಡೆಯಿದ್ದಂತೆ, ಅದು ಮುಗಿಯುವವರೆಗೆ ಗಾಳಿ ಒಳಗೆ ಬರುವುದಿಲ್ಲ.

ಹಿರಿಯರ ಈ ಸಂಕಟಕ್ಕೆ ಸ್ಪಂದಿಸಿ ಸರ್ಕಾರ 2004ರ ಆಗಸ್ಟ್ 2ರಂದು ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ತಂದಿತು. ಅರವತ್ತು ದಾಟಿದವರಿಗೆ ಐದು ವರ್ಷದ ಅವಧಿ, ಮೂರು ತಿಂಗಳಿಗೊಮ್ಮೆ ಬಡ್ಡಿ, ಆರಂಭದ ದರ ಶೇಕಡಾ 9. ಒಬ್ಬರು 15 ಲಕ್ಷದವರೆಗೆ ಇಡಬಹುದಾಗಿತ್ತು. 2023ರ ಏಪ್ರಿಲಿನಿಂದ ಆ ಮಿತಿ 30 ಲಕ್ಷವಾಯಿತು. 2020ರ ಜುಲೈಯಲ್ಲಿ ಬಂದ ಏಳು ವರ್ಷದ ಸರ್ಕಾರಿ ಉಳಿತಾಯ ಬಾಂಡುಗಳ ಬಡ್ಡಿ ಆರು ತಿಂಗಳಿಗೊಮ್ಮೆ ರಾಷ್ಟ್ರೀಯ ಉಳಿತಾಯ ಪತ್ರದ ದರಕ್ಕಿಂತ ಶೇಕಡಾ 0.35 ಹೆಚ್ಚಾಗಿರುವಂತೆ ಬದಲಾಗುತ್ತದೆ. ದರ ಏರಿದರೆ ಲಾಭ, ಇಳಿದರೆ ನಷ್ಟ. ಕನ್ಸೋಲಿನ ವಂಶದ ಸರ್ಕಾರಿ ಸಾಲಪತ್ರಗಳನ್ನೂ 2021ರ ನವೆಂಬರಿನಿಂದ ಸಾಮಾನ್ಯ ಪ್ರಜೆ ರಿಸರ್ವ್ ಬ್ಯಾಂಕಿನ ಮೂಲಕ ನೇರವಾಗಿ ಕೊಳ್ಳಬಹುದು. ಮುಕ್ತಾಯದವರೆಗೆ ಕಾದರೆ ಮುಖಬೆಲೆ ಬರುತ್ತದೆ; ನಡುವೆ ಮಾರಹೊರಟರೆ 1974ರ ಲಂಡನ್ ಪೇಟೆಯನ್ನು ನೆನಪಿಸಿಕೊಳ್ಳಬೇಕು.

ಚರಿತ್ರೆ ನಮಗೆ ಹೇಳುವುದೇನು?

ಪ್ರಿಯ ಓದುಗರೇ, ಇಷ್ಟೆಲ್ಲ ಓದಿದ ಮೇಲೆ ಸ್ಥಿರ ಬಡ್ಡಿಯನ್ನು ನಂಬಲೇಬಾರದೆಂದು ತೀರ್ಮಾನಿಸಬೇಡಿ. ಆರು ಶತಮಾನಗಳಿಂದ ಕೋಟ್ಯಂತರ ದುರ್ಬಲರು ಇದರ ನೆರಳಿನಲ್ಲಿ ಗೌರವದಿಂದ ಬದುಕಿದ್ದಾರೆ. ಚರಿತ್ರೆ ಹೇಳುವುದು ಇಷ್ಟೇ: ಸ್ಥಿರ ಬಡ್ಡಿಯಲ್ಲಿ ಸ್ಥಿರವಾದುದು ಅಂಕೆ ಮಾತ್ರ. ಉಳಿದುದನ್ನು ನಾವೇ ವಿಚಾರಿಸಿ ನೋಡಿಕೊಳ್ಳಬೇಕು.

'ಯಾರು?' ಎಂದು ಕೇಳುವವನು ಸರ್ಕಾರದ ಹೊಣೆ ಅಥವಾ ವಿಮೆಯ ರಕ್ಷಣೆ ಇರುವ ಕಡೆ ತನ್ನ ಅಸಲಿನ ಬಹುಭಾಗವನ್ನು ಇಡುತ್ತಾನೆ. ವಿಮೆಯ ಮಿತಿ ಮೀರದಂತೆ ಬೇರೆ ಬೇರೆ ಬ್ಯಾಂಕುಗಳಲ್ಲಿ ಹಂಚುತ್ತಾನೆ. 'ಎಲ್ಲಿಯವರೆಗೆ?' ಎಂದು ಕೇಳುವವನು ಇಡೀ ಗಂಟನ್ನು ಒಂದೇ ದಿನ ಮುಗಿಯುವ ಠೇವಣಿಯಲ್ಲಿ ಇಡುವುದಿಲ್ಲ. ಐದು ಪಾಲು ಮಾಡಿ ಒಂದು, ಎರಡು, ಮೂರು, ನಾಲ್ಕು, ಐದು ವರ್ಷಕ್ಕೆ ಇಡುತ್ತಾನೆ. ವರ್ಷಕ್ಕೊಂದು ಪಾಲು ಕೈಗೆ ಬಂದಾಗ ಅದನ್ನು ಮತ್ತೆ ಐದು ವರ್ಷಕ್ಕೆ ಇಡುತ್ತ ಹೋದರೆ, ದರ ಇಳಿದ ವರ್ಷದ ಪೆಟ್ಟು ಐದರಲ್ಲಿ ಒಂದು ಪಾಲಿಗೆ ಮಾತ್ರ ತಗಲುತ್ತದೆ. 'ಏನು ಸಿಗುತ್ತದೆ?' ಎಂದು ಕೇಳುವವನು ಶಕ್ತಿಯಿರುವ ಮೊದಲ ವರ್ಷಗಳಲ್ಲಿ ಬಂದ ಬಡ್ಡಿಯನ್ನೆಲ್ಲ ಉಣ್ಣದೆ, ಎಂಟರಲ್ಲಿ ಎರಡು ಪಾಲನ್ನಾದರೂ ಅಸಲಿಗೆ ಸೇರಿಸುತ್ತಾನೆ. ಅದು ಎಪ್ಪತ್ತೆರಡರ, ಎಂಬತ್ತನಾಲ್ಕರ ತನಗೆ ತಾನೇ ಮಾಡುವ ಉಪಕಾರ.

ಇನ್ನೊಂದು ಮಾತು ಮನೆಯ ಕಿರಿಯರಿಗೆ. ಮುಂದಿನ ಭಾನುವಾರ ಊಟವಾದ ಮೇಲೆ ನಿಮ್ಮ ತಂದೆತಾಯಿಯ ಬಳಿ ಕುಳಿತು, ಅವರ ಹಣ ಎಲ್ಲೆಲ್ಲಿದೆ, ಯಾವಾಗ ಮುಗಿಯುತ್ತದೆ, ನಾಮನಿರ್ದೇಶನ ಆಗಿದೆಯೇ ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಕೇಳುವಾಗ ಆಸ್ತಿಯ ಮೇಲೆ ಕಣ್ಣಿಟ್ಟವರಂತೆ ಕೇಳಬೇಡಿ. ಅವರು ಬೇರೆಯವರ ಬಣ್ಣದ ಮಾತಿಗೆ ಮರುಳಾಗುವುದು ಅನೇಕ ವೇಳೆ ಬಡ್ಡಿಯ ಆಸೆಯಿಂದಲ್ಲ. ಮಕ್ಕಳಿಗೆ ಹೊರೆಯಾಗಬಾರದೆಂಬ ಹಂಬಲದಿಂದ. ಔಷಧಿಯ ಚೀಟಿ ಉದ್ದವಾದಂತೆ ಅದನ್ನು ಮಕ್ಕಳಿಂದ ಮರೆಮಾಚಿ, ತಿಂಗಳಿಗೆ ಇನ್ನು ಐನೂರು ರೂಪಾಯಿ ಹೆಚ್ಚು ಎಲ್ಲಿ ಸಿಕ್ಕೀತೆಂದು ಹುಡುಕುತ್ತಾರೆ. ಮದ್ರಾಸಿನಲ್ಲಿಯೂ ಪಾಲಾದಲ್ಲಿಯೂ ಬೀಗ ಹಾಕಿದ ಬಾಗಿಲ ಮುಂದೆ ನಿಂತವರಲ್ಲಿ ಇಂಥವರು ಎಷ್ಟು ಮಂದಿಯಿದ್ದರೋ! ಆ ಐನೂರನ್ನು ಮಗನೋ ಮಗಳೋ ಕೊಡುತ್ತಾರೆಂಬ ಧೈರ್ಯ ಅವರಿಗಿದ್ದರೆ, ಅಸಲು ಇದ್ದಲ್ಲಿಯೇ ಸುರಕ್ಷಿತವಾಗಿ ಉಳಿದೀತು.